ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಏನು ಮಾಡಬೇಕು?

ಚಿಂಚೋಳಿ ಕಡೆ ಜೋಳ ಸೀತನಿ (ಎಳೆ ತೆನೆ) ಹದಕ್ಕೆ ಬಂತೆಂದರೆ ಹಂದಿ ಕಾಟ ಶುರು. ಕಳೆದ ಹಂಗಾಮಿನಲ್ಲಿ ಬೆಳಗಿನ ಜಾವ ಹೊಲಕ್ಕೆ ಹೋದಾಗ ಒಡ್ಡಿನಾಚೆ ಬರಿ ತಂತಿಯೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಇಬ್ಬನಿ ಸಾಲುಗಟ್ಟಿ ನಿಂತಿತ್ತು. ತಂತಿಗೂ ನನಗೂ ಎರಡೇ ಹೆಜ್ಜೆ. "ಹಂದಿಗಂತ ಕಂಬದಿಂದ ಎಳದೀನಿ ಕಾಕಾ" ಅಂದ ಪಕ್ಕದ ಹೊಲದವ. ಅದೇ ದಾರಿಯಲ್ಲಿ ದಿನವೂ ಮಕ್ಕಳು ಶಾಲೆಗೆ ಹೋಗುತ್ತಾರೆ.

ದಯವಿಟ್ಟು ಯಾರೂ ಹೀಗೆ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಬರೀ ಗುಂಡು ಹೊಡೆಯುವುದಲ್ಲ. ಉರುಲು, ಬಲೆ, ವಿಷ ಎಲ್ಲವೂ ಬೇಟೆಯೇ. ಹೊಲ ನಿಮ್ಮದೇ ಆದರೂ ಇದು ತಪ್ಪುವುದಿಲ್ಲ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ಚಿಗರಿಯಂತೂ (ಕೃಷ್ಣಮೃಗ) ಆ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಅದರ ತಂಟೆಗೇ ಹೋಗಬೇಡಿ. ನಾಯಿ, ದನಕ್ಕೆ ವಿಷವಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲಾಗಬಹುದು. ಕಂಬದಿಂದ ಕರೆಂಟ್ ಎಳೆದರೆ ವಿದ್ಯುತ್ ಕಳವಿನ ಕೇಸು ಬೇರೆ.

ಹಾಗಾದರೆ ಮಾಡುವುದೇನು? ಬೆಳಿಗ್ಗೆ ಮೊದಲು ಫೋಟೊ ತೆಗೆಯಿರಿ. ಮೂತಿಯಿಂದ ಕೆದರಿದ ಮಣ್ಣು, ಸೀಳು ಗೊರಸಿನ ಹೆಜ್ಜೆ, ಬುಡಕ್ಕೆ ಮುರಿದ ದಂಟು ಸ್ಪಷ್ಟವಾಗಿ ಬರಲಿ. ಹೊಲದ ಗುರುತು ಹತ್ತುವಂತೆ ಬೇವಿನ ಗಿಡವೋ ಬಾವಿಯೋ ಒಂದು ಫೋಟೊದಲ್ಲಿ ಇರಲಿ. ಸಿಬ್ಬಂದಿ ಬಂದು ನೋಡುವ ತನಕ ಮುರಿದ ಬೆಳೆ ಎತ್ತಬೇಡಿ.

ಅಂದೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಬೆಳೆಹಾನಿ ಪರಿಹಾರದ ಅರ್ಜಿ ಕೊಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ, ಇದನ್ನೇ ನಮ್ಮವರು ಮರೆಯುವುದು. ಅರಣ್ಯ ಸಹಾಯವಾಣಿ 1926.

ಮುಂದಿನ ಹಂಗಾಮಿಗೆ ಸೋಲಾರ್ ಬೇಲಿ ಹಾಕಿಸಿ. ಅದು ಬ್ಯಾಟರಿಯಿಂದ ಯಂತ್ರದ ಮೂಲಕ ಕ್ಷಣಮಾತ್ರ ಬಿಟ್ಟು ಬಿಟ್ಟು ಹೊಡೆಯುತ್ತದೆ. ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಹಂದಿ ನೆಲಕ್ಕೆ ಮೂತಿ ಹಚ್ಚಿ ತೂರುವ ಜಾತಿ, ಹಾಗಾಗಿ ಕೆಳಗಿನ ತಂತಿ ನೆಲದಿಂದ ಗೇಣೆತ್ತರಕ್ಕಿಂತ ಮೇಲೆ ಹೋಗಬಾರದು. ಹುಲ್ಲು ತಾಗಿದರೆ ಹೊಡೆತ ನೆಲಕ್ಕಿಳಿದು ಸಪ್ಪೆಯಾಗುತ್ತದೆ, ಕಸ ಕೀಳುತ್ತಲೇ ಇರಬೇಕು. ಯಾವ ಕಾರಣಕ್ಕೂ ಈ ಬೇಲಿಗೆ ಮನೆಯ ಕರೆಂಟ್ ಜೋಡಿಸಬೇಡಿ. ದಾರಿ ಬದಿಗೆ ಕನ್ನಡದಲ್ಲಿ ಎಚ್ಚರಿಕೆ ಫಲಕ ಕಟ್ಟಿ.

ಪಕ್ಕದ ಹೊಲದವನೂ ಆ ತಂತಿ ಬಿಚ್ಚಿದ್ದಾನೆ. ಈಗ ನಮ್ಮಿಬ್ಬರ ಒಡ್ಡಿಗೆ ಒಂದೇ ಸೋಲಾರ್ ಬೇಲಿ, ಖರ್ಚು ಅರ್ಧರ್ಧ.