ತಲೆನೋವು ಬಿಡ್ತಾನೇ ಇಲ್ವಾ? ಡಾಕ್ಟರ್ ಹತ್ರ ಹೋಗೋಕೆ ಮುಂಚೆ ಗೋಡೆ ಕ್ಯಾಲೆಂಡರ್ ಇಳಿಸ್ಕೊಳ್ಳಿ

ನಮ್ಮಮ್ಮ ಎಷ್ಟೋ ವರ್ಷ ತನ್ನ ತಲೆನೋವನ್ನ ಪಿತ್ತ ಅಂತಾನೇ ಅಂದ್ಕೊಂಡಿದ್ರು, ವಾಂತಿ ಆದ್ಮೇಲೆ ಹಗುರ ಆಗ್ತಿತ್ತಲ್ಲ ಅದಕ್ಕೆ. ಮೈಗ್ರೇನ್ ಅಂತ ಗೊತ್ತಾಗಿದ್ದು ತುಂಬಾ ಲೇಟಾಗಿ. ನಿಮ್ಹಾನ್ಸ್‌ನವರು ಬೆಂಗಳೂರು ಸುತ್ತಮುತ್ತ ಮಾಡಿದ ಸರ್ವೇಲಿ ಹೆಚ್ಚುಕಮ್ಮಿ ನಾಲ್ಕು ಜನರಲ್ಲಿ ಒಬ್ಬರಿಗೆ ವರ್ಷದೊಳಗೆ ಮೈಗ್ರೇನ್ ಬಂದಿತ್ತು, ಅಂದ್ರೆ ಪಿತ್ತ, ಸೈನಸ್, ಕನ್ನಡಕದ ನಂಬರ್ ಅಂತ ಸುಮ್ನಾದೋರು ಇನ್ನೆಷ್ಟು ಜನ ಇದಾರೋ.

ಮೊದಲು ಇದು ನೋಡ್ಕೊಳ್ಳಿ. ಸಿಡಿಲು ಬಡಿದ ಹಾಗೆ ಒಂದೇ ಸಲ ಬಂದ ನೋವು, ಜೊತೆಗೆ ಜ್ವರ, ಕತ್ತು ಬಗ್ಗಿಸೋಕೆ ಆಗದೇ ಇರೋದು, ಕೈಕಾಲು ಸೋಲೋದು, ಮಾತು ತೊದಲೋದು, ಕಣ್ಣು ಮಂಜಾಗೋದು, ತಲೆಗೆ ಏಟು ಬಿದ್ದಿರೋದು, ಇದರಲ್ಲಿ ಒಂದಿದ್ರೂ ತಕ್ಷಣ ಎಮರ್ಜೆನ್ಸಿಗೆ ಹೋಗಿ. 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ್ರೆ, ಗರ್ಭಿಣಿಗೆ ಅಥವಾ ಬಾಣಂತಿಗೆ ಬಂದ್ರೆ, ಆವತ್ತೇ ತೋರಿಸಿ.

ಇದ್ಯಾವುದೂ ಇಲ್ಲ ಅಂದ್ರೆ ಮೂರ್ನಾಲ್ಕು ವಾರ ಕ್ಯಾಲೆಂಡರ್‌ನಲ್ಲಿ ಬರೀರಿ. ಯಾವ ದಿನ, ಎಷ್ಟು ಹೊತ್ತು, ಒಂದೇ ಕಡೆನಾ ಎರಡೂ ಕಡೆನಾ, ಬೆಳಕು ಸದ್ದು ತಡೆಯೋಕಾಗ್ತಿತ್ತಾ, ತಿಂಡಿ ಬಿಟ್ಟಿದ್ರಾ, ನಿದ್ದೆ ಕೆಟ್ಟಿತ್ತಾ, ಪೀರಿಯಡ್ಸ್ ಹತ್ರನಾ. ಪಟಪಟ ಬಡ್ಕೊಳ್ಳೋ ನೋವು 4ರಿಂದ 72 ಗಂಟೆ ಇದ್ದು, ಮೆಟ್ಲು ಹತ್ತಿದ್ರೆ ಜಾಸ್ತಿಯಾಗಿ, ವಾಕರಿಕೆ ಬಂದ್ರೆ ಅದು ಮೈಗ್ರೇನ್ ಕಡೆ ಹೋಗತ್ತೆ. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗಿದ್ರೆ ಟೆನ್ಶನ್ ತಲೆನೋವು. ಗೊರಕೆ ಜೋರಾಗಿದ್ದು ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ತಲೆ ಭಾರ ಅಂದ್ರೆ ನಿದ್ದೇಲಿ ಉಸಿರು ಕಟ್ಟೋ ತೊಂದರೆ ಇರಬಹುದು, ಅದನ್ನೂ ಹೇಳಿ.

ಮಾತ್ರೆ ಲೆಕ್ಕ ಮಾತ್ರ ಒಂದೂ ಬಿಡಬೇಡಿ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದ್ದು ತಿಂಗಳಿಗೆ 15 ದಿನ, ಕಾಂಬಿನೇಷನ್ ಮಾತ್ರೆ (ಒಂದೇ ಮಾತ್ರೇಲಿ ಎರಡು ಮೂರು ಔಷಧಿ ಸೇರಿರೋದು) 10 ದಿನ, ಹೀಗೆ ಮೂರು ತಿಂಗಳು ಮೀರಿ ನಡೆದ್ರೆ ಆ ಮಾತ್ರೆನೇ ತಲೆನೋವು ತರೋಕೆ ಶುರು ಮಾಡತ್ತೆ, ನಾವು ನೋವು ಅಂತ ಇನ್ನೊಂದು ನುಂಗ್ತೀವಿ, ಅದು ಮತ್ತೆ ಬರತ್ತೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದ ತಕ್ಷಣ ಕೊಡ್ತಾರಲ್ಲ, ಎಷ್ಟು ತಗೊಂಡ್ವಿ ಅನ್ನೋದೇ ನೆನಪಿರಲ್ಲ, ಹಾಗಾಗಿ ಖಾಲಿ ಸ್ಟ್ರಿಪ್ ಎಸೀದೇ ಇಟ್ಕೊಳ್ಳಿ.

ಆಮೇಲೆ ಮಾಮೂಲಿ ಡಾಕ್ಟರ್ ಹತ್ರನೇ ಹೋಗಿ, ಬಿಪಿ ನೋಡ್ಲಿ, ಕಣ್ಣಿನ ಹಿಂಭಾಗ ಪರೀಕ್ಷೆ ಮಾಡಿಸ್ಬೇಕಾ ಕೇಳಿ, ಬೇಕಾದ್ರೆ ನ್ಯೂರಾಲಜಿಸ್ಟ್‌ಗೆ ಬರೆದುಕೊಡ್ತಾರೆ. ಎಂಆರ್‌ಐ ನೀವಾಗೇ ಮಾಡಿಸ್ಕೊಂಡು ಹೋಗಬೇಡಿ, ಮೈಗ್ರೇನ್ ಇದೆ ಅಂತ ಸ್ಕ್ಯಾನ್ ಹೇಳಲ್ಲ, ನಿಮ್ಮ ಮಾತು ಕೇಳೇ ಡಾಕ್ಟರ್ ಕಂಡುಹಿಡಿಯೋದು. ಎಷ್ಟು ದಿನ ನೋವಿತ್ತು ಅನ್ನೋದರ ಜೊತೆ ತಿಂಗಳಲ್ಲಿ ಎಷ್ಟು ದಿನ ತಲೆ ಪೂರ್ತಿ ಹಗುರಾಗಿತ್ತು ಅಂತಾನೂ ಹೇಳಿ, ಸಣ್ಣ ನೋವನ್ನ ನಾವು ಲೆಕ್ಕಕ್ಕೇ ಹಿಡಿಯಲ್ಲ.