ಮೆಟ್ಟುಕತ್ತಿಯ ಮುಂದೆ ಜಪ

ಮೆಟ್ಟುಕತ್ತಿಯಲ್ಲಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿಯಲ್ಲಿ, ಅಡಿಕೆ ಸುಲಿಯುತ್ತಾ ಜಪ ಮಾಡುತ್ತೇನೆ ಅಂದಾಗ ನಮ್ಮ ಸತ್ಸಂಗದವರೇ ನಕ್ಕರು. "ಎಂತ ಭಾವ, ಬೆರಳು ಹೋದರೆ ರಾಮ ಬಂದು ಹೊಲಿಗೆ ಹಾಕುತ್ತಾನಾ?" ಅಂತ ಒಬ್ಬರು. ನಾಲ್ಕೈದು ಸೀಸನ್ ಕಳೆಯಿತು. ಬೆರಳು ಹತ್ತೂ ಇವೆ.

ಅದಕ್ಕೆ ಮೊದಲು ದುಡ್ಡು ಹೋದದ್ದು ಕೇಳಿ. ಒಂದು ಧ್ಯಾನ ಶಿಬಿರಕ್ಕೆ 7,000ದ ಹತ್ತಿರ. ಯೋಗದ ಚಾಪೆಗೆ 1,200ವೋ ಏನೋ, ಆಟಿ ತಿಂಗಳ ಮಳೆಗೆ ಅದಕ್ಕೆ ಬೂಸ್ಟು ಬಂತು. ಶಿಬಿರದ ಟೈಂಟೇಬಲ್ ಕಾಸರಗೋಡಿನ ಬದಿಯಡ್ಕದ ನಮ್ಮ ಅಡಿಕೆ ತೋಟಕ್ಕೆ ಹೊಂದುವುದೇ ಇಲ್ಲ. ಬೆಳಗ್ಗೆ ಐದಕ್ಕೆ ಕಣ್ಣು ಮುಚ್ಚಿದರೆ ಹಟ್ಟಿಯಲ್ಲಿ ದನ ಕೂಗುತ್ತದೆ. ಮಳೆಗಾಲದಲ್ಲಿ ಕೂತರೆ ಕೊಳೆರೋಗದ ಚಿಂತೆ. ಅದರ ಮದ್ದಿಗೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಅನ್ನುವುದೇ ಧ್ಯಾನ!

ದಾರಿ ಸಿಕ್ಕಿದ್ದು ಕಾಞಂಗಾಡಿನ ಆನಂದಾಶ್ರಮದಲ್ಲಿ. ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ್ದು. ಅಲ್ಲಿ ಹಗಲಿಡೀ ರಾಮನಾಮ ಹಾಡುತ್ತಾರೆ. ರಾಮದಾಸರಿಗೆ ತಂದೆಯೇ ಕೊಟ್ಟ ಮಂತ್ರ ಅದು, ಓಂ ಆಮೇಲೆ ಸೇರಿದ್ದು. ಕೇಳುತ್ತಾ ಕೂತಾಗ ಹೊಳೆಯಿತು, ಅದು ಮೂರು ತುಂಡಾಗಿ ಬರುತ್ತದೆ. ಸುಲಿಯುವುದೂ ಮೂರೇ ಕೆಲಸ ಅಲ್ವಾ? ಕತ್ತಿಗೆ ಒತ್ತುವಾಗ 'ಓಂ ಶ್ರೀ ರಾಮ್', ತಿರುವಿ ಸಿಪ್ಪೆ ಸೀಳುವಾಗ 'ಜಯ ರಾಮ್', ಬುಟ್ಟಿಗೆ ಹಾಕುವಾಗ 'ಜಯ ಜಯ ರಾಮ್'. ಒತ್ತುವಾಗ ಉಸಿರು ಒಳಗೆ, ಉಳಿದ ಎರಡಕ್ಕೂ ಹೊರಗೆ.

ಸುರುವಿಗೆ ಉಸಿರೇ ಮುಂದೆ ಓಡುತ್ತಿತ್ತು. ಸ್ಪೀಡ್ ಅರ್ಧಕ್ಕೆ ಇಳಿಸಿದ ಮೇಲೆ ಕೂಡಿಬಂತು. ಚೆನ್ನಾಗಿ ಒಣಗಿದ ಗೋಟು (ಸಿಪ್ಪೆ ಸಮೇತದ ಅಡಿಕೆ) ಸಲೀಸು. ಸರಿಯಾಗಿ ಒಣಗದ್ದು ನಡುವೆ ಸಿಕ್ಕಿದರೆ ತಾಳ ಕೆಡುತ್ತದೆ. ಆಗ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಕತ್ತಿಯ ಮುಂದೆ ಕೂರಿಸಿಯೇ ಹೇಳಬೇಕು.

ಯೋಗಸೂತ್ರದಲ್ಲಿ ಪತಂಜಲಿ ಅಭ್ಯಾಸಕ್ಕೆ ದೀರ್ಘಕಾಲ, ನೈರಂತರ್ಯ, ಸತ್ಕಾರ (ಶ್ರದ್ಧೆ) ಮೂರೂ ಬೇಕು ಅನ್ನುತ್ತಾನೆ. ನನಗೆ ಚಾಪೆಯ ಮೇಲೆ ಬಾರದ ನೈರಂತರ್ಯ ಗೋಣಿಯ ಪಕ್ಕ ಬಂತು. ಗೋಣಿ ಮುಗಿಯದೆ ಏಳುವ ಹಾಗಿಲ್ಲವಲ್ಲ.

ಬೇರೆ ಕಡೆಯೂ ಪರೀಕ್ಷೆ ಮಾಡಿದೆ. ಹಾಲು ಕರೆಯುವಾಗ ಚೆನ್ನಾಗಿ ಕೂರುತ್ತದೆ. ರಬ್ಬರ್ ಟ್ಯಾಪಿಂಗಿನಲ್ಲಿ ಮರದಿಂದ ಮರಕ್ಕೆ ನಡೆಯುವಾಗ ಸರಿ, ತೊಗಟೆ ಕೆತ್ತುವಾಗ ಕೆಡುತ್ತದೆ. ಕೊಳೆರೋಗಕ್ಕೆ ಮದ್ದು ಬಿಡುವಾಗ ಮಾತ್ರ ಸುಮ್ನೆ ಪ್ರಯತ್ನಿಸಬೇಡಿ, ಮುಖಕ್ಕೆ ಕಟ್ಟಿದ ಬಟ್ಟೆಯಲ್ಲಿ ಉಸಿರು ಕಟ್ಟುತ್ತದೆ.

ಸುಲಿಯುವ ಮಜೂರಿ ಕಿಲೋಕ್ಕೆ ಹತ್ತೋ ಹನ್ನೆರಡೋ ರೂಪಾಯಿ ಇತ್ತು. ಬೆಳಗ್ಗೆ ಹತ್ತು ಕಿಲೋದಷ್ಟು ನಾನೇ ಮುಗಿಸುತ್ತೇನೆ. ಶಿಬಿರದ ದುಡ್ಡು ಯಾವಾಗಲೋ ಹುಟ್ಟಿತು. ನಕ್ಕ ಭಾವನೂ ಈಗ ಅವರ ಮನೆ ಜಗಲಿಯಲ್ಲಿ ಸುರು ಮಾಡಿದ್ದಾರೆ.

ಮಗ ಸುಲಿಯುವ ಮೆಷಿನ್ ತರೋಣ ಅನ್ನುತ್ತಿದ್ದಾನೆ. ಬೇಡ ಅಂದಿಲ್ಲ. ದಿನಕ್ಕೆ ಒಂದು ಬುಟ್ಟಿ ನನಗೆ ಬಿಟ್ಟು ಉಳಿದದ್ದನ್ನು ಅದಕ್ಕೆ ಹಾಕಿಕೋ ಅಂದಿದ್ದೇನೆ.