ಒಂದು ಕಂಠ, ಒಂದು ಗಿಟಾರ್: ಹಳೆಯ ಹಾಡುಗಳ ಆಲ್ಬಮ್ ಮಾಡುವ ಬಗೆ

ಜನಪದ ಗೀತೆ, ತತ್ವಪದ, ಭಾವಗೀತೆಗಳನ್ನು ಒಂದು ಕಂಠ ಮತ್ತು ಒಂದು ಗಿಟಾರಿನಲ್ಲಿ ಹೊಸದಾಗಿ ಹಾಡಿ ಆಲ್ಬಮ್ ಮಾಡಬೇಕೆನ್ನುವವರು ವಾದ್ಯಕ್ಕೆ ಕೈಹಾಕುವ ಮೊದಲು ಸಾಹಿತ್ಯವನ್ನು ಕಾಗದದ ಮೇಲೆ ಬರೆದುಕೊಂಡು, ರಾಗವಿಲ್ಲದೆ ಗಟ್ಟಿಯಾಗಿ ಓದಬೇಕು. ‘ಭಾಗ್ಯದ ಬಳೆಗಾರ’ ಗೀತೆಯನ್ನು ಹಾಗೆ ಓದಿದಾಗ ಅದು ಇಬ್ಬರ ಮಾತುಕತೆಯೆಂಬುದು ಎದ್ದು ಕಾಣುತ್ತದೆ. ನನ್ನ ತವರಿಗೆ ಹೋಗಿ ಬಾ ಎಂದು ಹೆಣ್ಣುಮಗಳು ಕೇಳಿಕೊಳ್ಳುತ್ತಾಳೆ. ದಾರಿ ಗೊತ್ತಿಲ್ಲವೆಂದು ಬಳೆಗಾರ ಹೇಳುತ್ತಾನೆ. ಆಕೆ ಬಾಳೆ, ಸೀಬೆಗಳ ಗುರುತು ಹೇಳಿ ದಾರಿ ತೋರಿಸುತ್ತಾಳೆ. ವೇದಿಕೆಯ ಮೇಲಿನ ಚುರುಕು ನಡೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರೆಳೆಯಲು ಎಡೆಯಿರುವುದಿಲ್ಲ. ನಡೆಯನ್ನು ತಗ್ಗಿಸಿ, ಆ ಎಡೆಯಲ್ಲಿ ಗಿಟಾರನ್ನು ಪೂರ್ತಿ ನಿಲ್ಲಿಸಿ ನೋಡಿ: ಆಕೆ ತವರುಮನೆಯನ್ನು ನೆನೆದು ಉತ್ತರಿಸುತ್ತಿದ್ದಾಳೆ ಎಂಬುದು ಕೇಳುವವರ ಎದೆಗೆ ತಟ್ಟುತ್ತದೆ. ಹೊಸತನವೆಂದರೆ ನನ್ನ ಮಟ್ಟಿಗೆ ಇಷ್ಟೇ, ಮಾತಿಗೆ ಅಡ್ಡಬರುವುದನ್ನು ತೆಗೆದುಹಾಕುವುದು.

ಜನಪದ ಮಟ್ಟುಗಳು ಕೆಲವೇ ಸ್ವರಗಳಲ್ಲಿ ಸುತ್ತುವುದರಿಂದ ಸಾಲು ಸಾಲಿಗೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಿಸಬೇಕಾಗಿಲ್ಲ. ಏಕತಾರಿಯಂತೆ ಆಧಾರಸ್ವರವಾದ ಷಡ್ಜವನ್ನು (‘ಸ’) ಮಿಡಿಯುತ್ತಾ ಎರಡು ಕಾರ್ಡ್‌ಗಳಲ್ಲಿ ಹಾಡು ಮುಗಿಸಬಹುದು. ಮೆಲುದನಿಯಲ್ಲಿ ಹಾಡುವಾಗ ಶ್ರುತಿಯನ್ನು ತುಸು ಇಳಿಸಿಕೊಳ್ಳುವುದು ಒಳ್ಳೆಯದು.

ಹಾಡುಗಳ ಪಟ್ಟಿ ಅಂತಿಮವಾಗುವ ಮೊದಲೇ ಹಕ್ಕಿನ ವಿಚಾರ ನೋಡಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಗೂ ಸಂಗೀತ ಸಂಯೋಜಕನಿಗೂ ಸಲ್ಲುವ ರಕ್ಷಣೆ ಅವರ ಮರಣದ ನಂತರ 60 ವರ್ಷ ಮುಂದುವರಿಯುತ್ತದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನಮ್ಮ ಕಿವಿಯಲ್ಲಿ ನೆಲೆಸಿರುವ ಷರೀಫರ ಪದಗಳ ಮಟ್ಟುಗಳಲ್ಲಿ ಹಲವು 2009ರಲ್ಲಿ ನಿಧನರಾದ ಸಿ. ಅಶ್ವತ್ಥ್ ಅವರ ಸಂಯೋಜನೆಗಳಾದ್ದರಿಂದ, ಅವನ್ನು ಬಳಸಲು ಹಕ್ಕುದಾರರ ಅನುಮತಿ ಬೇಕು, ಇಲ್ಲವೇ ಸ್ವಂತ ಮಟ್ಟು ಕಟ್ಟಬೇಕು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ಈ ರಕ್ಷಣೆ 2041ರ ಕೊನೆಯವರೆಗೂ ಇದೆ.

ಧ್ವನಿಮುದ್ರಣಕ್ಕೆ ಮನೆಯಲ್ಲಿ ಬಟ್ಟೆಯ ಬೀರು ಮತ್ತು ಹಾಸಿಗೆಯಿರುವ ಕೋಣೆಯೇ ಒಳ್ಳೆಯದು, ಏಕೆಂದರೆ ಬಟ್ಟೆ, ಹತ್ತಿಗಳು ಮಾರ್ದನಿಯನ್ನು ಹೀರುತ್ತವೆ. ನೆಲಕ್ಕೆ ಜಮಖಾನ ಹಾಸಿ, ಫ್ಯಾನ್ ಆರಿಸಿ, ರಸ್ತೆಯಲ್ಲಿ ವಾಹನಗಳು ಏಳುವ ಮೊದಲು ನಸುಕಿನಲ್ಲೇ ಕೂರಬೇಕು. ಹಾಡುವ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ; ತೀರಾ ಹತ್ತಿರವಾದರೆ ಕಂಠದ ಮಂದ್ರಭಾಗ ಉಬ್ಬಿ ಅಕ್ಷರಗಳು ಮಸುಕಾಗುತ್ತವೆ. ಗಿಟಾರಿನ ಮೈಕನ್ನು ನಡುವಿನ ರಂಧ್ರಕ್ಕೆ ನೇರವಾಗಿ ಹಿಡಿದರೆ ನಾದ ಗುಮ್ಮೆನ್ನುವುದರಿಂದ, ಹನ್ನೆರಡನೆಯ ಫ್ರೆಟ್‌ನತ್ತ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ತಿರುಗಿಸಿ ಸುಮಾರು 25 ಸೆಂಟಿಮೀಟರ್ ದೂರದಲ್ಲಿಡಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್‌ನಲ್ಲಿರಲಿ, ಅತಿ ಜೋರಿನ ಸಾಲೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ದಾಟದಿರಲಿ. ಕಂಠವನ್ನೂ ಗಿಟಾರನ್ನೂ ಬೇರೆಬೇರೆಯಾಗಿ ಮುದ್ರಿಸದೆ ಒಟ್ಟಿಗೇ ಮುದ್ರಿಸಿ. ಹಾಡು ಎಲ್ಲಿ ತಡೆಯುತ್ತದೋ ಅಲ್ಲಿ ಬೆರಳೂ ತಾನಾಗಿಯೇ ತಡೆಯುತ್ತದೆ. ಸಾಲಿನ ಮೊದಲು ಕೇಳುವ ಉಸಿರನ್ನು ಆಮೇಲೆ ಅಳಿಸಬೇಡಿ. ಕುರ್ಚಿ ಕಿರುಗುಟ್ಟಿದ್ದರೆ ಮಾತ್ರ ಕುರ್ಚಿ ಬದಲಿಸಿ, ಹಾಡನ್ನು ಮೊದಲಿನಿಂದ ಹಾಡಿ.